ಅತ್ತೆ ಇನ್ನೂ ಸಿನಿಮಾ ನೋಡಿಲ್ಲ

ಸಿನಿಮಾದಲ್ಲಿ ಕೊಲೆ ಮಾಡಿದವನನ್ನು ಪೇಟೆಯಲ್ಲಿ ಕಂಡರೆ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಆದರೆ ಸಿನಿಮಾದಲ್ಲಿ ಸಂಸಾರ ಮಾಡಿದವಳು ಎದುರು ಸಿಕ್ಕರೆ ಪ್ರತಿಯೊಬ್ಬರಿಗೂ ಏನಾದರೊಂದು ಬುದ್ಧಿ ಹೇಳಲೇಬೇಕು. ನನಗೆ ಆಗುತ್ತಿರುವುದು ಅದೇ.

ನಾನು ಅಂಕೋಲೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರು. ಗಂಡನದು ಪೇಟೆಯಲ್ಲಿ ಔಷಧಿ ಅಂಗಡಿ. ಶಾಲೆಯ ಗ್ಯಾದರಿಂಗಿನಲ್ಲಿ ಬಣ್ಣ ಹಚ್ಚಿಕೊಂಡದ್ದು ಬಿಟ್ಟರೆ ನಟನೆಗೂ ನನಗೂ ಸಂಬಂಧವಿರಲಿಲ್ಲ. ಸದಾಶಿವಗಡದ ಒಬ್ಬ ಹುಡುಗಿ, ಸಿನಿಮಾ ಕಲಿತು ಬಂದವಳು, ನಮ್ಮ ಮನೆ ಹುಡುಕಿಕೊಂಡು ಬಂದು, "ಹೀರೋಯಿನ್ ತರ ಕಾಣದೇ ಇರೋರು ಬೇಕಾಗಿತ್ತು ಅಕ್ಕೋರೆ, ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು" ಎಂದಳು. ಬೇಜಾರು ಮಾಡಿಕೊಳ್ಳಲೂ ಪುರುಸೊತ್ತು ಕೊಡದೆ ಒಪ್ಪಿಸಿಬಿಟ್ಟಳು.

ಕತೆ ಇಷ್ಟೆ. ಮದುವೆಯಾಗಿ ಎಷ್ಟೋ ವರ್ಷವಾದ ಗಂಡ ಹೆಂಡತಿ, ಮನೆ ತುಂಬ ಜನ. ಇವರು ಕೋಣೆಯ ಚಿಲಕ ಹಾಕಿದ ಕೂಡಲೇ ಯಾರಾದರೂ ಬಾಗಿಲು ಬಡಿಯುತ್ತಾರೆ. ಒಬ್ಬರಿಗೆ ಕೊಡೆ ಬೇಕು, ಇನ್ನೊಬ್ಬರಿಗೆ ಅಮೃತಾಂಜನ ಬೇಕು. ಕೊನೆಗೆ ಇಬ್ಬರೂ ಯಾರದೋ ಮದುವೆಯ ನೆಪ ಹೇಳಿ ಲಾಡ್ಜಿಗೆ ಹೋಗುತ್ತಾರೆ. ಅಲ್ಲಿ ಮೆತ್ತನೆಯ ಹಾಸಿಗೆ, ತಲೆಯ ಮೇಲೆ ಫ್ಯಾನು, ಕರೆಯುವವರು ಯಾರೂ ಇಲ್ಲ. ಇಬ್ಬರೂ ಬೆಳಗಿನ ತನಕ ಗಡದ್ದಾಗಿ ನಿದ್ದೆ ಹೊಡೆಯುತ್ತಾರೆ. ಇಡೀ ಸಿನಿಮಾದಲ್ಲಿ ಮುತ್ತಿಲ್ಲ, ಗೊರಕೆ ಮಾತ್ರ ಇದೆ.

ಆದರೂ ಶೂಟಿಂಗಿಗೆ ಹೊರಡುವ ಮೊದಲು ಅತ್ತೆಗೆ ಎಲ್ಲವನ್ನೂ ಹೇಳಿದ್ದೆ. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆಯದು. ಅವರು ಕಾಯಿ ಹೆರೆಯುತ್ತಲೇ ಪೂರ್ತಿ ಕೇಳಿ, "ಆಡು ಹೋಗು. ನಾ ನೋಡ್ದ ಮೇಲೆ ಹೇಳ್ತೆ. ಚಲೋ ಕಂಡ್ರೆ ಇನ್ನೊಂದು ಆಡು, ಇಲ್ದಿದ್ರೆ ಇದೇ ಕಡೇದು" ಎಂದಿದ್ದರು.

ಸಿನಿಮಾ ಕಾರವಾರದ ಥೇಟರಿಗೆ ಬರುವುದಕ್ಕೂ ಅತ್ತೆಯ ಕಣ್ಣಿನ ಪೊರೆ ತೆಗೆಯುವುದಕ್ಕೂ ಸರಿಹೋಯಿತು. ಡಾಕ್ಟರು ಸದ್ಯಕ್ಕೆ ಸಿನಿಮಾ ಗಿನಿಮಾ ಬೇಡ ಎಂದರು. ಅತ್ತ ಆ ಹುಡುಗಿ ಎರಡನೇ ಸಿನಿಮಾಕ್ಕೆ ಬನ್ನಿ ಎಂದು ಫೋನ್ ಮಾಡುತ್ತಿದ್ದಾಳೆ. ನನಗೋ ಒಳಗೊಳಗೇ ಇನ್ನೊಮ್ಮೆ ಆಡುವ ಆಸೆ. ಅತ್ತೆ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಾರೆ. ಅವರೊಬ್ಬರನ್ನು ಬಿಟ್ಟು ಊರೆಲ್ಲ ಸಿನಿಮಾ ನೋಡಿತು.

ಮೀನು ಪೇಟೆಯ ಅಭಿಪ್ರಾಯ

ಕೇಣಿಯಿಂದ ಬುಟ್ಟಿ ಹೊತ್ತು ಬರುವ ಮೀನುಗಾರ್ತಿಯ ಹತ್ತಿರವೇ ನಾವು ಮೊದಲಿನಿಂದಲೂ ಮೀನು ಕೊಳ್ಳುವುದು. ಆ ದಿನ ನಾನು ಬಂಗಡೆ ಕೇಳಿದರೆ ಅವಳು ಬುಟ್ಟಿಯ ಅಡಿಯಿಂದ ಒಂದು ಪೊಟ್ಟಣ ತೆಗೆದಳು. ಬಿಚ್ಚಿ ನೋಡಿದರೆ ಕಲ್ವ, ಬಂಡೆಗೆ ಅಂಟಿಕೊಂಡು ಬೆಳೆಯುವ ಆ ಚಿಪ್ಪಿನೊಳಗಿನ ಮಾಂಸ. ಗಂಡಸರಿಗೆ ಬಹಳ ಒಳ್ಳೆಯದು ಎಂದು ನಮ್ಮ ಕಡೆ ಹೆಸರಾದದ್ದು.

"ನಾ ಕಲ್ವ ಕೇಳ್ಲೇ ಇಲ್ಲವಲ್ಲೇ" ಎಂದೆ.

"ನೀವು ಕೇಳೂದು ಬ್ಯಾಡ ಅಕ್ಕೋರೆ. ನಾವೆಲ್ಲ ಟೆಂಪೋ ಮಾಡ್ಕಂಡು ಹೋಗಿ ಸಿನಿಮಾ ನೋಡ್ಕಂಡು ಬಂದೀವು. ಪಾಪ, ಅಷ್ಟು ಕಷ್ಟಪಟ್ಟು ಲಾಡ್ಜಿಗೆ ಹೋಗಿ ಮಲ್ಕಂಡೇ ಬಿಟ್ರಲ್ಲ ನಿಮ್ಮ ಯಜಮಾನ್ರು! ಇದ್ನ ಸುಕ್ಕಾ ಮಾಡಿ ಹಾಕಿ."

"ಅಯ್ಯೋ, ಅವರು ನನ್ನ ಗಂಡ ಅಲ್ಲ ಮಾರಾಯ್ತಿ, ಕುಮಟೆಯ ನಾಟಕದವರು!"

ಅವಳು ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿಯೇ ಬಿಟ್ಟಳು. "ಯಾರ ಗಂಡ ಆದ್ರೆಂತ? ಸುಸ್ತು ಎಲ್ಲರಿಗೂ ಒಂದೇ."

ಇಂಜಿನಿಯರರ ಅಭಿಪ್ರಾಯ

ನನ್ನ ಗಂಡನ ಅಂಗಡಿಗೆ ಬಿ.ಪಿ. ಮಾತ್ರೆಗೆ ಬರುವ ಒಬ್ಬ ನಿವೃತ್ತ ಇಂಜಿನಿಯರರಿದ್ದಾರೆ. ಸಿನಿಮಾ ನೋಡಿ ಬಂದವರು ನೇರ ಕೌಂಟರಿಗೆ ಬಂದು, ಮಾತ್ರೆಯ ವಿಷಯ ಬಿಟ್ಟು, "ಕತೆಯಲ್ಲಿ ತಪ್ಪಿಲ್ಲ. ತಪ್ಪಿರೋದು ಮನೆಯ ಪ್ಲಾನಿನಲ್ಲಿ" ಎಂದರು. ಔಷಧಿ ಡಬ್ಬಿಯೊಂದನ್ನು ಬಿಡಿಸಿ, ಅದರ ಬೆನ್ನಿನ ಮೇಲೆ ಆ ಮನೆಯ ನಕ್ಷೆ ಬರೆದೇ ತೋರಿಸಿದರು. ನಡುಮನೆಗೆ ತೆರೆಯುವ ಬಾಗಿಲು ಮುಚ್ಚಬೇಕು, ಹಿಂದಿನ ಹಿತ್ತಿಲ ಕಡೆಗೊಂದು ಬಾಗಿಲು ಇಡಬೇಕು, ಆಗ ಬಡಿಯುವವರಿಗೆ ಬಾಗಿಲೇ ಸಿಗುವುದಿಲ್ಲ. ಮಾತ್ರೆಗೆ ಕಾಯುತ್ತಿದ್ದವರೆಲ್ಲ ಬಗ್ಗಿ ನೋಡಿ ತಲೆದೂಗಿದರು.

ನನ್ನ ಗಂಡ ಸುಮ್ಮನಿರದೆ, "ನಿಮ್ಮ ಮನೆ ಹಾಗೇ ಕಟ್ಟಿಸಿರಬೇಕಲ್ಲ ಸಾಹೇಬರೆ?" ಎಂದು ಕೇಳಿದರು.

"ನಮ್ಮದು ದೊಡ್ಡ ಮನೆ. ಬಾಗಿಲು ಬಡಿಯೋರು ಯಾರೂ ಇಲ್ಲ" ಎಂದರು ಇಂಜಿನಿಯರರು. ಆಮೇಲೆ ನಕ್ಷೆಯನ್ನೇ ನೋಡುತ್ತ, "ನಾನೊಂದು ಕೋಣೇಲಿ ಪೇಪರ್ ಓದ್ತೆ, ಅವಳೊಂದು ಕೋಣೇಲಿ ಟಿವಿ ನೋಡ್ತಾಳೆ" ಎಂದು ಮೆಲ್ಲಗೆ ಹೇಳಿದರು.

ಮರುವಾರ ಅವರು ಹೆಂಡತಿಯನ್ನು ಕರೆದುಕೊಂಡು ಇನ್ನೊಮ್ಮೆ ಸಿನಿಮಾಕ್ಕೆ ಹೋದರಂತೆ. ಇದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಆಡಿದ್ದು ಸಾರ್ಥಕವಾಯಿತು ಎಂದು ಗಂಡನ ಮುಂದೆ ಕಣ್ಣೊರೆಸಿಕೊಂಡೆ. ಹೆಂಡತಿಗೆ ಸಿನಿಮಾ ಹೇಗನಿಸಿತು ಎಂದು ನನ್ನ ಗಂಡ ಕೇಳಿದ್ದಕ್ಕೆ ಅವರು ಹೇಳಿದರಂತೆ: "ಭಾಳ ಸೇರ್ತು ಅವಳಿಗೆ. ಲಾಡ್ಜಿನ ಸೀನ್ ಬರೋದ್ರೊಳಗೆ ಇಬ್ಬರಿಗೂ ನಿದ್ದೆ ಬಂದಿತ್ತು."

ಪಾಲಕರ ಅಭಿಪ್ರಾಯ

ನಾನು ನಿಜಕ್ಕೂ ಹೆದರಿದ್ದು ಹೆಡ್ ಮಾಸ್ತರರು ಕರೆದಾಗ. ಅವರ ಕೋಣೆಯಲ್ಲಿ ಪಾಲಕರ ಒಂದು ದಂಡೇ ಕೂತಿತ್ತು. ಮಕ್ಕಳಿಗೆ ಪಾಠ ಹೇಳುವವರು ಇಂಥ ಸಿನಿಮಾದಲ್ಲಿ ಆಡಬಹುದೇ ಎಂದು ಕೇಳಲು ಬಂದಿದ್ದಾರೆ ಎಂದುಕೊಂಡು, ಹೇಳಬೇಕಾದ ಉತ್ತರವನ್ನು ಬಾಗಿಲಲ್ಲೇ ಜೋಡಿಸಿಕೊಂಡೆ.

ಒಬ್ಬ ತಾಯಿ ಎದ್ದು ನಿಂತು, "ನಿಮ್ಮ ಸಿನಿಮಾ ಚಲೋ ಉಂಟಂತೆ ಅಕ್ಕೋರೆ. ಆದ್ರೆ ಮಕ್ಕಳನ್ನ ಎಲ್ಲಿ ಬಿಟ್ಟು ಹೋಗೂದು? ರವಿವಾರ ಒಂದು ಸ್ಪೆಷಲ್ ಕ್ಲಾಸ್ ಇಟ್ರೆ ನಾವೆಲ್ಲ ಹೋಗಿ ನೋಡ್ಕಂಡು ಬರ್ತಿದ್ವು" ಎಂದರು.

ನನಗೆ ಹೋದ ಜೀವ ಬಂತು. ರವಿವಾರ ನಾನು ತರಗತಿ ತೆಗೆದುಕೊಂಡೆ. ಪರೀಕ್ಷೆಯ ದಿನವೂ ತಪ್ಪಿಸಿಕೊಳ್ಳುವ ಮಕ್ಕಳು ಕೂಡ ಹಾಜರು. ಅಪ್ಪ ಅಮ್ಮ ಇಬ್ಬರೂ ಗೇಟಿನ ತನಕ ಬಂದು ಬಿಟ್ಟುಹೋಗಿದ್ದರು. ಅಷ್ಟು ಜನರ ಪ್ರೀತಿಗೆ ಪ್ರತಿಯಾಗಿ ಸಂಜೆಯ ತನಕ ರೇಖಾಗಣಿತ ಕಲಿಸಿದೆ.

ಸೋಮವಾರ ಹೆಡ್ ಮಾಸ್ತರರು ಕರೆದು ಹೇಳಿದರು: "ನಿನ್ನೆ ನಾನೂ ಮನೆಯವಳೂ ಕಾರವಾರಕ್ಕೆ ಹೋಗಿದ್ವಿ. ಥೇಟರಿನಲ್ಲಿ ನಮ್ಮ ಪಾಲಕರು ಒಬ್ಬರೂ ಇರಲಿಲ್ಲವಲ್ಲ ಅಕ್ಕೋರೆ! ಮಕ್ಕಳನ್ನ ಇಲ್ಲಿ ಬಿಟ್ಟು ಎಲ್ಲಿಗೆ ಹೋದ್ರು?"

"ಮನೆಯಲ್ಲೇ ಇದ್ದಿರಬೇಕು ಸರ್" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅವರ ಮಕ್ಕಳೂ ನಮ್ಮಲ್ಲೇ ಓದುವುದು. "ಹಾಗಾದ್ರೆ ಮುಂದಿನ ರವಿವಾರ ಇಂಗ್ಲಿಷ್ ಇಟ್ಕೊಳ್ಳುವ" ಎಂದರು.

ಅತ್ತೆಯ ಅಭಿಪ್ರಾಯ

ಅಂತೂ ಡಾಕ್ಟರು ಒಪ್ಪಿಗೆ ಕೊಟ್ಟರು. ಅತ್ತೆ ತಮ್ಮ ಭಜನೆಯ ಗೆಳತಿಯರನ್ನು ಜೊತೆಗೆ ಹೊರಡಿಸಿದರು. ಥೇಟರಿನಲ್ಲಿ ನಾನು ಪರದೆ ನೋಡಲೇ ಇಲ್ಲ, ಅತ್ತೆಯ ಮುಖವನ್ನೇ ನೋಡಿದೆ. ಜನರೆಲ್ಲ ಬಿದ್ದು ಬಿದ್ದು ನಗುತ್ತಿದ್ದರೂ ಅವರ ತುಟಿ ಮಾತ್ರ ಅಲುಗಲಿಲ್ಲ. ಎರಡನೇ ಸಿನಿಮಾ ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡೆ.

ಆಟ ಮುಗಿದ ಮೇಲೆ ಹೋಟೆಲಿನಲ್ಲಿ ಚಾ ಹೇಳಿದೆವು. ಭಜನೆಯ ಹೆಂಗಸರೆಲ್ಲ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದರು. ನಾನು ಧೈರ್ಯ ಮಾಡಿ, "ಹೆಂಗೆ ಕಂಡ್ತು ಅತ್ತೆ?" ಎಂದೆ.

"ನೀನು ಚಲೋ ಆಡಿದ್ಯೆ. ಕತೆ ಮಾತ್ರ ಸುಳ್ಳು."

"ಸುಳ್ಳು ಎಂತಕ್ಕೆ?"

"ಮನೇಲಿ ಜನ ಇದ್ರು, ಅದ್ಕೆ ಗಂಡ ಹೆಂಡ್ತಿಗೆ ಪುರುಸೊತ್ತು ಸಿಕ್ಕಲಿಲ್ಲ ಅಂದ್ರೆ ಯಾರು ನಂಬ್ತಾರೆ? ನಾ ಮದ್ವೆಯಾಗಿ ಬಂದಾಗ ನಮ್ಮನೇಲಿ ಕಾಲಿಡೂಕೆ ಜಾಗ ಇರ್ಲಿಲ್ಲ. ಇದ್ದದ್ದು ಒಂದೇ ಕೋಣೆ, ಅದ್ರಲ್ಲೂ ಅತ್ತೆ ಮಾವ ಮಲಗ್ತಿದ್ರು."

"ಮತ್ತೆ ನೀವು?"

ಅತ್ತೆ ಬಸಿಗೆ ಚಾ ಸುರಿದುಕೊಂಡರು. "ಗದ್ದೆಗೆ ಹಂದಿ ಬೀಳ್ತಿದ್ವು. ಮಾಳ ಕಟ್ಟಿ, ಮೇಲೆ ಕೂತು, ರಾತ್ರಿಯೆಲ್ಲ ಡಬ್ಬ ಬಡೀತಾ ಕಾಯ್ಬೇಕು. ಚಳಿ, ಸೊಳ್ಳೆ, ಯಾರೂ ಒಲ್ಲೆ ಅಂತಿದ್ರು. ನಿನ್ನ ಮಾವ 'ನಾ ಹೋಗ್ತೆ' ಅಂದ್ರು. ಅವ್ರೊಬ್ರೇ ಹೆದರ್ಕಬಾರ್ದಲ್ಲ, ಜೊತೆಗೆ ನಾನೂ ಹೋಗ್ತಿದ್ದೆ."

ಭಜನೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬರಿಗೆ ಚಾ ನೆತ್ತಿಗೆ ಹತ್ತಿತು.

"ನೀನು ಇನ್ನೊಂದು ಆಡು" ಎಂದರು ಅತ್ತೆ ನನಗೆ. "ಆ ಹುಡ್ಗಿಗೆ ಹೇಳು, ಈ ಸಲ ಬರಿಯೂ ಮುಂಚೆ ನನ್ನ ಒಂದು ಮಾತು ಕೇಳೂಕೆ."

ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕೆನಿಸಿತು. ಈ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ ಎಂದು ಅವರ ಕೈ ಹಿಡಿದುಕೊಂಡು ಹೇಳಿದೆ. ಆಮೇಲೆ ತಡೆಯಲಾಗದೆ ಕೇಳಿದೆ, "ಆ ವರ್ಷ ಬೆಳೆ ಹೆಂಗೆ ಬಂದಿತ್ತು ಅತ್ತೆ?"

"ಎಲ್ಲಿಯ ಬೆಳೆ! ಒಂದು ತೆನೆ ಬಿಡದೆ ಹಂದಿ ತಿಂದು ಹೋದ್ವು."

"ನಿಮ್ಮತ್ತೆ ಬೈಲಿಲ್ಲವಾ?"

"ಬೈಯ್ದೇ ಇರ್ತಾರಾ? ಕಾಯೂಕೆ ಹೋದವರು ಒಂದು ದಿನವೂ ಡಬ್ಬ ಬಡಿಲಿಲ್ಲ ಅಂತ ಊರಿಗೆಲ್ಲ ಕೇಳೂ ಹಾಂಗೆ ಬೈದ್ರು. ಮರುವರ್ಷ ಮೊಮ್ಮಗನ್ನ ತೊಟ್ಲಲ್ಲಿ ತೂಗ್ತಾ, ಈ ಸಲವೂ ನೀವಿಬ್ರೇ ಹೋಗಿ ಅಂದ್ರು."