ಮೇಷ್ಟ್ರು ಕೊಟ್ಟ ವಯಸ್ಸಿನ ಲೆಕ್ಕ

ಗಂಡಸಿಯ ಗಣಿತದ ಮೇಷ್ಟ್ರು ಷಡಕ್ಷರಪ್ಪನವರ ವಯಸ್ಸಿನಲ್ಲಿ ಎಂಟು ವರ್ಷ ಹಗರೆ ಬಸ್ಸಿನಲ್ಲೇ ಕಳೆದುಹೋಯಿತು. ಕಳೆದವನು ಪಕ್ಕದ ಮನೆಯ ಹುಚ್ಚಣ್ಣ, ಹೆಣ್ಣು ಹುಡುಕಿಕೊಟ್ಟ ಪುಣ್ಯಾತ್ಮ.

"ಹುಡುಗಿಗೆ ಇಪ್ಪತ್ತೊಂದು ಕಣ್ರೀ. ನಿಮಗೆ ಇಪ್ಪತ್ತೆಂಟು ಅಂದಿದ್ದೀನಿ. ಬಾಯಿ ಬಿಡಬೇಡಿ."

"ನನಗೆ ಮೂವತ್ತಾರಲ್ವೇನ್ರೀ?"

"ಐದು ಕಡೆ ಹಂಗೇ ಹೇಳಿ ಏನಾಯ್ತು?"

ಐದು ಕಡೆಯೂ ಉಪ್ಪಿಟ್ಟು ಸಿಕ್ಕಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಇದೂ ತಪ್ಪಿದರೆ ಜನ್ಮವಿಡೀ ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯೋದೇ ಗತಿ. ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

ಹಗರೆಯಲ್ಲಿ ಹುಡುಗಿಯ ಅಜ್ಜ ಗಂಗಾಧರಯ್ಯ ಸಂಬಳ, ತೋಟ ಏನೂ ವಿಚಾರಿಸಲಿಲ್ಲ. "ನಮ್ ಶಾಂತಾದೇವಿಗೆ ಲೆಕ್ಕದ ಹುಚ್ಚು ಸ್ವಾಮಿ. ಲೆಕ್ಕ ಬರೋ ಗಂಡೇ ಬೇಕು ಅಂತ ಹಟ. ಎಲ್ಲಿ, ಅವಳಿಗೊಂದು ಕೊಡಿ ನೋಡಾಣ!"

ಶಾಂತಾದೇವಿ ಕಾಫಿ ಲೋಟ ಇಟ್ಟವಳೇ ಸ್ಲೇಟು ಹಿಡಿದು ಕೂತಳು. ಅವಳ ಕುತೂಹಲ ನೋಡಿ ಮೇಷ್ಟ್ರಿಗೂ ಹುರುಪು ಬಂತು. ಪುಸ್ತಕದ ಲೆಕ್ಕ ಅವರಿಗೆ ಸೇರದು, ಕ್ಲಾಸಿನಲ್ಲೂ ಸ್ವಂತ ಮನೆಯದನ್ನೇ ಕೊಡೋದು. ಅದೇ ಬಾಯಿಗೆ ಬಂತು.

"ನನಗೂ ನಮ್ಮಕ್ಕನ ಮಗನಿಗೂ ಸೇರಿ ಈಗ ಐವತ್ತು ವರ್ಷ. ಮೂರು ವರ್ಷದ ಹಿಂದೆ ನನ್ನ ವಯಸ್ಸು ಅವನ ವಯಸ್ಸಿನ ಮೂರರಷ್ಟಿತ್ತು. ಈಗ ಯಾರಿಗೆಷ್ಟು?"

ಹುಚ್ಚಣ್ಣನಿಗೆ ಕಾಫಿ ನೆತ್ತಿಗೇರಿತು.

"ನೀವು ಎಕ್ಸು, ಅವನು ವೈ," ಅಂತ ಶಾಂತಾದೇವಿ ಎರಡು ಸಮೀಕರಣ ಬರೆದಳು. "ಹುಡುಗನಿಗೆ ಹದಿನಾಲ್ಕು. ನಿಮಗೆ... ಮೂವತ್ತಾರು!" ಯಾಕೋ ಅವಳ ಮುಖ ಅರಳಿತು. "ಇಪ್ಪತ್ತೆಂಟು ಅಂದಿದ್ರಲ್ಲ? ಲೆಕ್ಕ ತಪ್ಪಾ ಸಾರ್, ವಯಸ್ಸು ತಪ್ಪಾ?"

ಹುಚ್ಚಣ್ಣ ಮೇಷ್ಟ್ರ ತೊಡೆ ಚಿವುಟಿದ.

"ಲೆಕ್ಕ... ಲೆಕ್ಕಾನೇ ತಪ್ಪಮ್ಮ. ಆತುರದಲ್ಲಿ ಕೊಟ್ಟೆ."

ಸರಿಯಾದ ಲೆಕ್ಕವನ್ನು ತಪ್ಪು ಅಂದದ್ದು ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ಶಾಂತಾದೇವಿ ಸ್ಲೇಟು ಒರೆಸಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಅಜ್ಜ ಬಸ್ ಸ್ಟಾಪಿನವರೆಗೂ ಬಂದರು. "ಬ್ಯಾಸರ ಮಾಡ್ಕಬೇಡಿ ಮೇಷ್ಟ್ರೇ. ಮೂವತ್ತಾರೇ ಆಗಿದ್ರೆ ಇವತ್ತೇ ತಾಂಬೂಲ ಬದಲಾಯಿಸ್ಕಬಹುದಿತ್ತು."

"ಆಂ?"

"ಅವಳಿಗೆ ನಿಜಕ್ಕೂ ಇಪ್ಪತ್ತೊಂಬತ್ತು ಕಣ್ರೀ, ನಿಮ್ಮ ಇಪ್ಪತ್ತೆಂಟಕ್ಕಿಂತ ಒಂದು ಹೆಚ್ಚು. ಎಂಟು ವರ್ಷ ಕಳೆದು ಹೇಳಿ ಅಂದಿದ್ದು ಈ ಹುಚ್ಚಣ್ಣನೇ. ಸ್ಲೇಟಲ್ಲಿ ಮೂವತ್ತಾರು ಕಂಡಾಗ ಎಷ್ಟು ಖುಷಿಯಾಗಿತ್ತು ಪಾಪ. ಆದ್ರೆ ಲೆಕ್ಕ ಬರದ ಮೇಷ್ಟ್ರು ಬೇಡ್ವಂತೆ."

"ಲೆಕ್ಕ ಸರಿಯಾಗೈತೆ ಸ್ವಾಮಿ! ನನಗೆ ಮೂವತ್ತಾರೇ!"

"ಹಂಗಾದ್ರೆ ಸುಳ್ಳು ಹೇಳಿದ್ರಿ ಅಂದಂಗಾಯ್ತು," ಅಂದರು ಅಜ್ಜ ಗಂಭೀರವಾಗಿ. "ಸುಳ್ಳು ಹೇಳೋರು ನಮ್ಮ ಮನೆತನಕ್ಕೆ ಆಗಿಬರಲ್ಲ."

ಬಸ್ಸು ಬಂತು. ಮೇಷ್ಟ್ರು ಹತ್ತಿ ಕಿಟಕಿ ಪಕ್ಕ ಕೂತರು. ಹುಚ್ಚಣ್ಣ ಮೆಲ್ಲಗೆ ಹತ್ತಿರ ಸರಿದ.

"ಹೋಗ್ಲಿ ಬಿಡಿ, ಅರೇಹಳ್ಳೀಲಿ ಇನ್ನೊಂದು ಹೆಣ್ಣೈತೆ. ಆದ್ರೆ ಅಲ್ಲಿ ಇಪ್ಪತ್ತಾರು ಅಂದ್ಬಿಟ್ಟಿದ್ದೀನಿ."