ಪೂವಯ್ಯನ ಹೆಸರಿನಲ್ಲಿ ನನ್ನ ಬಲಗಾಲು

ಸಿನಿಮಾದವರು ಶ್ರೀಮಂಗಲದ ನಮ್ಮ ತೋಟಕ್ಕೆ ಬಂದಾಗ, ನಾಯಕನ ಪಾತ್ರ ನನಗೇ ಸಲ್ಲುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಥೆ ಒಬ್ಬ ವಯಸ್ಸಾದ ಕಾಫಿ ಬೆಳೆಗಾರನದು. ನಾನು ಕಾಫಿ ಬೆಳೆಗಾರ, ವಯಸ್ಸೂ ಆಗಿದೆ. ಬೇರೆ ಗ್ರಹದವರು ಹಾರುವ ತಟ್ಟೆಯಲ್ಲಿ ಬಂದು ಅವನನ್ನು ಎತ್ತಿಕೊಂಡು ಹೋಗಿ, ಮೂರು ದಿನ ಇಟ್ಟುಕೊಂಡು, ಬೇಡವೆಂದು ವಾಪಸು ಬಿಡುತ್ತಾರೆ. ಅವನು ಹೇಳಿದ್ದನ್ನು ಊರಲ್ಲಿ ಯಾರೂ ನಂಬುವುದಿಲ್ಲ. ನಾನು ಹೇಳಿದ್ದನ್ನು ಮನೆಯಲ್ಲೇ ಯಾರೂ ನಂಬುವುದಿಲ್ಲ! ಮೇಲಾಗಿ ತಟ್ಟೆ ಇಳಿಯುವುದು ನಮ್ಮ ಕಾಫಿ ಒಣಗಿಸುವ ಕಣದಲ್ಲಿ. ಕಣ ಕೊಟ್ಟವನಿಗೆ ಪಾತ್ರ ಕೊಡದೆ ಇರುತ್ತಾರೆಯೇ?

ಆದ್ದರಿಂದ ಬಾಳೆಲೆಯಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ, ಸದರಿ ವಿಷಯವನ್ನು ಅವರ ಗಮನಕ್ಕೆ ತಂದೆ.

"ಭಾವ, ಸಿನಿಮಾ ವಿರಾಜಪೇಟೆಗೆ ಬಂದಾಗ ನೀವೆಲ್ಲ ಬರಬೇಕು. ನಾನೇ ಹೀರೋ."

ಮದುವೆಯಾದಂದಿನಿಂದ ನನ್ನನ್ನು ಒಂದು ತರ ನೋಡುತ್ತ ಬಂದ ಮನುಷ್ಯ ಅವರು. ಈ ಸಲ "ಹೌದಾ ಭಾವ?" ಎಂದು ಎರಡೆರಡು ಸಲ ಕೇಳಿದರು. ಆ 'ಹೌದಾ' ನನಗೆ ಬಹಳ ಹಿಡಿಸಿತು.

ಮರುದಿನ ನಿರ್ದೇಶಕ ಪಕ್ಕದ ತೋಟದ ಪೂವಯ್ಯನನ್ನು ಆರಿಸಿದ.

ಪೂವಯ್ಯ ಬೇಲಿ ಹಿಡಿದು, ಬಾಯಿ ತೆರೆದು ಶೂಟಿಂಗಿನ ತಯಾರಿ ನೋಡುತ್ತ ನಿಂತಿದ್ದನಂತೆ. "ಆ ಮುಖ ನೋಡಿ ಸರ್! ಈಗಷ್ಟೇ ಬೇರೆ ಗ್ರಹದಿಂದ ಇಳಿದು ಬಂದ ಹಾಗಿದೆ," ಎಂದ ನಿರ್ದೇಶಕ. ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನಾಗಿ, ಆ ಮುಖ ಮೊದಲಿನಿಂದಲೂ ಹಾಗೇ ಇದೆಯೆಂದು ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ತಿಳಿಸಿದೆ.

"ಹೌದಾ? ಅಂದ್ರೆ ನ್ಯಾಚುರಲ್!" ಎಂದು ಅವನು ಇನ್ನಷ್ಟು ಖುಷಿಪಟ್ಟ.

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

"ಎಂತ, ಹೊಟ್ಟೆ ಉರಿಯಾ?" ಎಂದಳು ಹೆಂಡತಿ ದೇವಕಿ.

"ಅಸಿಡಿಟಿ."

"ಹೌದೌದು. ಆ ಅಸಿಡಿಟಿ ಈಗ ಬೇಲಿ ಆಚೆ ಮೇಕಪ್ ಹಾಕಿಸ್ಕೊಳ್ತಾ ಕೂತಿದೆ."

ನಾನು ಗಂಭೀರವಾಗಿ ಯೋಚಿಸಿದೆ. ಪೂವಯ್ಯನಿಗಿರುವುದು ಬರೀ ಮುಖ. ನನಗೆ ಅನುಭವವೇ ಇದ್ದರೆ? ನನ್ನನ್ನೂ ಹಿಂದೊಮ್ಮೆ ಬೇರೆ ಗ್ರಹದವರು ಎತ್ತಿಕೊಂಡು ಹೋಗಿದ್ದರೆಂದು ನಿಂತ ನಿಲುವಿನಲ್ಲೇ ತೀರ್ಮಾನಿಸಿದೆ. ಅವರು ಯಾವತ್ತು ಬಂದರೆಂಬುದನ್ನು ಆಮೇಲೆ ನೋಡಿಕೊಳ್ಳಬಹುದು. ತುರ್ತಾಗಿ ಬೇಕಾದದ್ದು ಪುರಾವೆ. ಕಥೆಯ ಪ್ರಕಾರ ನಾಯಕನ ಕಾಲಿನ ಮೇಲೆ ವಿಚಿತ್ರ ಗುರುತುಗಳಿರಬೇಕು. ಮೇಕಪ್ಪಿನವನು ಪೂವಯ್ಯನ ಕಾಲಿಗೆ ಅಂಟಿಸಿದ್ದೆಲ್ಲ ಅವತ್ತಿನ ಮಳೆಗೆ ಕಳಚಿ ಬೀಳುತ್ತಿತ್ತು.

ಬಲಗಾಲಿನ ಪ್ಯಾಂಟು ಮಡಚಿ, ತೋಟದ ಕೆಳಗೆ ನೀರು ಹರಿಯುವ ತೋಡಿನ ಪಕ್ಕ ಬರಿಗಾಲಿನಲ್ಲಿ ಅರ್ಧ ಗಂಟೆ ನಿಂತೆ. ನಮ್ಮ ಕಡೆ ಮಳೆಗಾಲದಲ್ಲಿ ಜಿಗಣೆಗಳಿಗೆ ಆಮಂತ್ರಣ ಪತ್ರಿಕೆ ಬೇಕಾಗಿಲ್ಲ. ಜಿಗಣೆಗೆ ಮೂರು ದವಡೆ. ಕಚ್ಚಿದಲ್ಲಿ ಮೂರು ಗೆರೆಯ ಸಣ್ಣ ನಕ್ಷತ್ರ ಮೂಡುತ್ತದೆ. ಹುಟ್ಟಿದಾಗಿನಿಂದ ಕಾಣುತ್ತಿದ್ದ ಆ ಗುರುತು ಅನ್ಯಗ್ರಹದ ಲಿಪಿಯೆಂದು ನನಗೆ ಹೊಳೆದದ್ದು ಅವತ್ತೇ! ನಾಲ್ಕೈದು ಸಾಕಿತ್ತು. ಹದಿನೇಳು ಬಂದವು.

ಸುಣ್ಣ ಮುಟ್ಟಿಸಿ ಅವುಗಳನ್ನು ಬೀಳಿಸಿ, ಕಣಕ್ಕೆ ಹೋಗಿ ಕಾಲನ್ನು ಕುರ್ಚಿಯ ಮೇಲಿಟ್ಟೆ.

"ಇದನ್ನು ಈವರೆಗೆ ಯಾರಿಗೂ ತೋರಿಸಿಲ್ಲ," ಎಂದೆ. ಅದಂತೂ ನಿಜವೇ. ಅರ್ಧ ಗಂಟೆಯ ಹಿಂದೆ ಅದು ಇರಲೇ ಇಲ್ಲವಲ್ಲ!

ನಿರ್ದೇಶಕ ಮಂಡಿಯೂರಿ ಕುಳಿತ. ಎಲ್ಲರೂ ಸುತ್ತ ಸೇರಿದರು. ಹಸಿರು ಬೆಳಕು, ಮೂರು ಬೆರಳಿನ ಕೈ, ಎಲ್ಲವನ್ನೂ ವಿವರಿಸಿದೆ.

"ನಿಮ್ಮ ಹತ್ರ ಏನಾದ್ರೂ ಕೇಳಿದ್ರಾ ಸರ್?" ಎಂದ ನಿರ್ದೇಶಕ.

ಇದಕ್ಕೆ ನಾನು ತಯಾರಾಗಿರಲಿಲ್ಲ. "ಕಾಫಿ ರೇಟು ಕೇಳಿದರು," ಎಂದುಬಿಟ್ಟೆ.

ಅಷ್ಟರಲ್ಲಿ ತೋಟದಲ್ಲಿ ಕಳೆ ತೆಗೆಯುತ್ತಿದ್ದ ನಮ್ಮ ಚಿನ್ನಮ್ಮ ಕತ್ತಿ ಹಿಡಿದುಕೊಂಡೇ ಬಂದು ಇಣುಕಿದಳು.

"ಅಯ್ಯೋ ಸಾವ್ಕಾರ್ರೇ, ಇಷ್ಟೊಂದು ಜಿಗಣೆ ಕಚ್ಚಿದ್ದಾ? ತೋಡಿನ ಹತ್ರ ನೀವು ಸುಮ್ನೆ ನಿಂತದ್ದು ಕಂಡೆ. ಮೀನಿಗಿರಬೇಕು ಅಂದ್ಕೊಂಡೆ!"

ಪೂವಯ್ಯ ಮೊದಲು ನಕ್ಕ. ಬಾಯಿ ಹೇಗೂ ತೆರೆದೇ ಇತ್ತು.

ನಿರ್ದೇಶಕ ಮಾತ್ರ ನಗಲಿಲ್ಲ. ನನ್ನ ಕಾಲನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಕಥೆ ಬೇಡ ಸರ್. ಕಾಲು ಸಾಕು," ಎಂದ.

ಪೂವಯ್ಯನ ಪ್ಯಾಂಟನ್ನು ನನಗೆ ಹಾಕಿಸಿ, ಕಾಫಿ ಗಿಡದ ಬುಡದಲ್ಲಿ ಮಲಗಿಸಿ, ಮೊಣಕಾಲಿನಿಂದ ಕೆಳಗೆ ಮಾತ್ರ ಕ್ಯಾಮೆರಾ ಇಟ್ಟರು. ಮಳೆ ಬಂತು. ಕಾಲಿಗೆ ಕೊಡೆ ಹಿಡಿದರು. ಉಳಿದ ನಾನು ನೆನೆದೆ. ಜಿಗಣೆ ಕಚ್ಚಿದ ರಕ್ತ ಬೇಗ ನಿಲ್ಲುವುದಿಲ್ಲವಾದ್ದರಿಂದ "ಸೂಪರ್! ಇನ್ನೊಂದು ಟೇಕ್!" ಎನ್ನುತ್ತ ಸಂಜೆಯವರೆಗೆ ತೆಗೆದರು. ಪೂವಯ್ಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ. ಇರಲಿ, ಹೆಸರಾದರೂ ಬರುತ್ತದೆ ಎಂದುಕೊಂಡೆ.

ಮುಂದಿನ ವರ್ಷ ಸಿನಿಮಾ ಬಂತು. ಹೆಸರು ಬರಲಿಲ್ಲ.

ಬಾಳೆಲೆಯ ಭಾವ ಮನೆಮಂದಿಯನ್ನೆಲ್ಲ ಕರೆದುಕೊಂಡು ವಿರಾಜಪೇಟೆಯ ಟಾಕೀಸಿಗೆ ಬಂದಿದ್ದರು. ಮಧ್ಯಂತರದವರೆಗೆ ಹೀರೋನನ್ನು ಹುಡುಕಿ, ಆಮೇಲೆ ನನ್ನನ್ನು ಮತ್ತೆ ಆ ಒಂದು ತರ ನೋಡತೊಡಗಿದರು. ಅಷ್ಟರಲ್ಲಿ ಪರದೆಯ ತುಂಬ ನನ್ನ ಬಲಗಾಲು! ಯಾರೋ ಮೂಗು ಒರೆಸಿಕೊಂಡರು. ಸ್ವತಃ ಭಾವನೇ ಕಣ್ಣೊರೆಸಿಕೊಂಡರು!

ಹೊರಗೆ ಜನ ಪೂವಯ್ಯನನ್ನು ಮುತ್ತಿಕೊಂಡಿದ್ದರು. "ಆ ಕಾಲಿನ ಸೀನು ಉಂಟಲ್ಲಾ, ಎಂತ ಆ್ಯಕ್ಟಿಂಗ್ ಮಾರಾಯ!" ಅವನು ವಿನಯದಿಂದ ತಲೆಬಾಗಿ, ಸ್ವಲ್ಪ ಕುಂಟಿ ತೋರಿಸಿದ. ಅದೂ ಎಡಗಾಲು!

ನನಗೆ ತಡೆಯಲಾಗಲಿಲ್ಲ. "ಅದು ನನ್ನ ಕಾಲು!" ಎಂದು ಕೂಗಿ, ಟಾಕೀಸಿನ ಮೆಟ್ಟಿಲ ಮೇಲೆಯೇ ಪ್ಯಾಂಟು ಎತ್ತಿದೆ. ವರ್ಷ ಕಳೆದಿತ್ತು. ಒಂದು ಗುರುತೂ ಇರಲಿಲ್ಲ.

"ಭಾವ, ಪ್ಯಾಂಟು ಇಳಿಸಿ. ಹೆಂಗಸರಿದ್ದಾರೆ," ಎಂದರು ಬಾಳೆಲೆಯ ಭಾವ.

ದೇವಕಿ ನನ್ನ ತೋಳು ಹಿಡಿದು ಆಚೆ ಕರೆದೊಯ್ದಳು. "ನಿಮ್ಮದೇ ಕಾಲು ಅಂತ ನನಗೆ ಗೊತ್ತಾಯ್ತು," ಎಂದಳು ಮೆಲ್ಲಗೆ.

ನಾನು ಅವಳ ಕೈ ಹಿಡಿದುಕೊಂಡೆ. "ಹೇಗೆ?"

"ಹೆಬ್ಬೆರಳಿನ ಉಗುರು. ತೆಗೀರಿ, ತೆಗೀರಿ ಅಂತ ಆಗಲೂ ಬಡ್ಕೊಂಡೆ, ಈಗಲೂ ಬಡ್ಕೊಳ್ತಿದ್ದೇನೆ."

"ಹಾಗಾದರೆ ಹೋಗಿ ನಿನ್ನ ಅಣ್ಣನಿಗೆ ಹೇಳು!"

"ಅಷ್ಟು ದೊಡ್ಡ ಪರದೆಯಲ್ಲಿ ಕಂಡ ಆ ಉಗುರು ನಮ್ಮ ಮನೆಯದ್ದು ಅಂತ ನಾನು ಹೇಳ್ಬೇಕಾ? ಪೂವಯ್ಯಂದೇ ಇರಲಿ ಬಿಡಿ!"

ಮನೆಗೆ ಬಂದವನೇ ಸಿಟ್ಟಿನಲ್ಲಿ ಉಗುರು ಕತ್ತರಿಸಿ ಎಸೆದೆ. ಉಳಿದಿದ್ದ ಒಂದೇ ಒಂದು ಪುರಾವೆ ಅದೆಂದು ಹೊಳೆದದ್ದು ಎಸೆದ ಮೇಲೆ.