ಭಾವನವರ ದಾರಿ ಮುಚ್ಚುವ ಕೆಲಸ

ನಮ್ಮ ಭಾವನವರ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ ಜಾತಿ: ಇಲಿಗಳು ಮತ್ತು ಇಲಿಗಳಲ್ಲದವರು. ಮೊದಲನೆಯ ಜಾತಿಗೆ ಸಕಲ ಮರ್ಯಾದೆ. ಎರಡನೆಯದಕ್ಕೆ, ಅಂದರೆ ನಮ್ಮಂಥ ಪಾಮರರಿಗೆ, ಬರೀ ಉಪನ್ಯಾಸ! ಮನೆಯ ಫ್ಯಾನು ಕೆಟ್ಟು ಕೂತರೆ ಅವರ ಗಮನಕ್ಕೇ ಬರುವುದಿಲ್ಲ; ಲ್ಯಾಬಿನಲ್ಲಿ ಇಲಿಗಳ ಏಸಿ ನಿಂತಿತೆಂದರೆ ಊಟದ ತಟ್ಟೆ ಬಿಟ್ಟು ಓಡುತ್ತಾರೆ.

ಕೋಲ್ಕತ್ತದಲ್ಲಿ ಅವರು ಮುಂದುವರಿದ ಕ್ಯಾನ್ಸರಿಗೆ ಔಷಧಿ ಹುಡುಕುವ ವಿಜ್ಞಾನಿ. ನಾನು ಇದೇ ಊರಿನಲ್ಲಿ ರೈಲ್ವೆ ನೌಕರಿಯಲ್ಲಿರುವ ನಾದಿನಿ. ಈ ವರ್ಷ ಅದೇ ರೋಗ ನಮ್ಮ ಅಕ್ಕನನ್ನೇ, ಅಂದರೆ ಅವರ ಹೆಂಡತಿಯನ್ನೇ ಹಿಡಿದುಕೊಂಡಿದೆ. ಆದರೂ ಭಾವನ ಕಥೆ ಹೇಳಲು ಕೂತರೆ ನನಗೆ ನಗು ಬರುತ್ತದೆ, ಏನು ಮಾಡಲಿ?

ಹಿಂದೊಮ್ಮೆ ದುರ್ಗಾಪೂಜೆಯ ದಿನ, ಎಸ್ಪ್ಲನೇಡಿನಿಂದ ಸಿಯಾಲ್ದಾ ಸ್ಟೇಷನ್ನಿಗೆ ಹೊರಟಿದ್ದಾಗ, "ಕ್ಯಾನ್ಸರಿಗೆ ಆಗ್ಲೇ ಮದ್ದಿದೆಯಲ್ಲ ಭಾವ?" ಎಂದು ಕೇಳಿ ಕೆಟ್ಟೆ. ಜನಸಂದಣಿ ತಡೆಯಲು ದೊಡ್ಡ ರಸ್ತೆಗೆ ಪೊಲೀಸರು ಬಿದಿರು ಅಡ್ಡ ಕಟ್ಟಿದ್ದರು. ಜನ ಪಕ್ಕದ ಗಲ್ಲಿಗೆ ನುಗ್ಗಿದರು. ಅಲ್ಲೂ ಬಿದಿರು ಕಟ್ಟಿದರೆ ಮಿಠಾಯಿ ಅಂಗಡಿಯೊಂದರ ಹಿತ್ತಲಿನಿಂದ ಹೊರಬಿದ್ದರು!

"ನೋಡ್ದ್ಯಾ! ಇದೇ ಕ್ಯಾನ್ಸರು! ಒಂದು ದಾರಿ ಮುಚ್ಚಿದ್ರೆ ಇನ್ನೊಂದು ಹಿಡಿಯತ್ತೆ. ನನ್ನ ಮದ್ದು ಎಲ್ಲಾ ದಾರೀನೂ ಒಟ್ಟಿಗೇ ಮುಚ್ಚತ್ತೆ!" ಎಂದು ಭಾವ ನಡುಬೀದಿಯಲ್ಲಿ ಕುಣಿದರು. 'ಕ್ಯಾನ್ಸರ್' ಎಂಬುದಷ್ಟೇ ಅರ್ಥವಾದ ಬಂಗಾಳಿ ಮುದುಕರೊಬ್ಬರು ಅವರನ್ನು ಹಿಡಿದು ಕೂರಿಸಿ, ನೀರು ಕುಡಿಸಿ, "ಭೊಯ್ ಪಾಬೇನ್ ನಾ, ದಾದಾ" ಎಂದು ಧೈರ್ಯ ಹೇಳಿದರು. ನಮ್ಮ ರೈಲು ಹೋಯಿತು. ಉಪನ್ಯಾಸ ಮುಗಿದಿರಲಿಲ್ಲ.

ಇನ್ನೊಂದು ಕೇಳಿ. ವರ್ಷಕ್ಕೊಮ್ಮೆ ಭಾವ ದಕ್ಷಿಣೇಶ್ವರದ ಕಾಳಿ ಗುಡಿಗೆ ಹೋಗಿ, ಪ್ರಯೋಗದಲ್ಲಿ ಸತ್ತ ಇಲಿಗಳಿಗಾಗಿ ಪೂಜೆ ಮಾಡಿಸುತ್ತಾರೆ. ಒಮ್ಮೆ ಪುರೋಹಿತರು ಗೋತ್ರ ಕೇಳಿಬಿಟ್ಟರು. ಇಲಿಗೆಲ್ಲಿಯ ಗೋತ್ರ ಸ್ವಾಮಿ? ಭಾವ ತಡವರಿಸಲೇ ಇಲ್ಲ. ತಮ್ಮ ಗೋತ್ರವನ್ನೇ ಹೇಳಿ, "ಅವೂ ನಮ್ಮ ಮನೆಯವೇ" ಎಂದು ಹಿಂದಿಯಲ್ಲಿ ಸೇರಿಸಿದರು. ನಗಲು ಹೋದ ನಾನು ಅವರ ಮುಖ ನೋಡಿ ಕೈ ಮುಗಿದೆ. ಇಂಥವರು ಎಷ್ಟು ಜನ ಸಿಕ್ಕಾರು ಹೇಳಿ!

ಹೋದ ತಿಂಗಳು ಅಕ್ಕನ ಮಾತ್ರೆ ಕೆಲಸ ಮಾಡುವುದನ್ನು ನಿಲ್ಲಿಸಿತು. ರೋಗ ಬೇರೆ ದಾರಿ ಹಿಡಿದಿತ್ತು. ನಾನು ಭಾವನ ಮೇಲೆ ಹರಿಹಾಯ್ದೆ.

"ನಿಮ್ಮ ಮದ್ದಿಂದ ಇಲಿಗಳು ಬದುಕ್ತಿವೆಯಲ್ಲ! ಅಕ್ಕನಿಗೂ ತಂದ್ಕೊಡಿ!"

"ಎಲ್ಲಾ ದಾರಿ ಮುಚ್ಚಿದ್ರೆ ಆಂಬುಲೆನ್ಸೂ ನಿಂತೋಗತ್ತೆ ಕಣೇ. ಮನುಷ್ಯರಿಗೆ ಎಷ್ಟು ಕೊಟ್ರೆ ವಿಷ ಅಂತ ನಂಗಿನ್ನೂ ಗೊತ್ತಿಲ್ಲ. ಗೊತ್ತಾಗೋಕೆ ವರ್ಷಗಳು ಬೇಕು."

ಅವರು ಇಷ್ಟು ಚಿಕ್ಕ ಉತ್ತರ ಕೊಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಲ್ಯಾಬಿಗೆಂದು ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದರು. ಚೀಲ ಕೆಳಗಿಟ್ಟು ಅಕ್ಕನ ಮಂಚದ ಅಂಚಿನಲ್ಲಿ ಕುಳಿತು, "ಇನ್ಮೇಲೆ ಹೋಗಲ್ಲ. ನಿನ್ನ ಹೊತ್ತಿಗೆ ಆಗ್ದೇ ಇರೋ ಮದ್ದು ಕಟ್ಕೊಂಡು ನಾನೇನು ಮಾಡ್ಲಿ?" ಎಂದು ಮಗುವಿನ ಹಾಗೆ ಅತ್ತರು.

ಅಕ್ಕ ಸೆರಗಿನಿಂದ ಅವರ ಕಣ್ಣು ಒರೆಸಿದಳು. ಅಂಗಿಯ ಕಾಲರು ಸರಿಮಾಡಿ, ಕಷ್ಟಪಟ್ಟು ಬಗ್ಗಿ ಚೀಲ ಎತ್ತಿ ಅವರ ಕೈಗೆ ಕೊಟ್ಟಳು.

"ಇನ್ನೊಬ್ಬಳ ಗಂಡ ಆ ಮದ್ದಿಗೆ ಕಾಯ್ತಿರ್ತಾನೆ ರೀ. ಹೊರಡಿ."